ಶಾಲಾ ಕಮಿಟಿಗೆ ನಿಮ್ಮ ಹೆಸರು ಬಂತಾ? ಎಚ್‌ಎಂ (ಮುಖ್ಯೋಪಾಧ್ಯಾಯರ) ಜೊತೆ ಕೆಲಸ ಮಾಡುವುದು ಹೀಗೆ

ಜುಲೈ ತಿಂಗಳ ಮಹಾಸಭೆ. ಹೊರಗೆ ಮಳೆ ಜೋರು, ಹಂಚಿನ ಮೇಲಿನ ಸದ್ದಿಗೆ ಮೈಕಿನ ಮಾತೂ ಕೇಳಿಸುವುದಿಲ್ಲ. "ಅಧ್ಯಕ್ಷರಾಗಿ ಯಾರಾದರೂ ಹೆಸರು ಸೂಚಿಸಿ" ಅಂದ ಕೂಡಲೇ ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡತೊಡಗುತ್ತಾರೆ. ಹಿಂದಿನ ಬೆಂಚಿನಿಂದ ಯಾರೋ ನಿಮ್ಮ ಹೆಸರು ಹೇಳುತ್ತಾರೆ, ಇನ್ಯಾರೋ ಅನುಮೋದನೆ ಅನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ಮುಗಿಯಿತು. ನಾನೂ ಹಾಗೇ ಸಿಕ್ಕಿಬಿದ್ದವನು. ಚಾ, ಗೋಳಿಬಜೆ ಮುಗಿಸಿ ಬೇಗ ಹೊರಡುವ, ಮಳೆ ಬಿಟ್ಟರೆ ಅಡಿಕೆಗೆ ಮದ್ದು ಬಿಡಿಸುವ ಅಂತ ಬಂದವ ಎಸ್‌ಎಂಸಿ (ಶಾಲಾ ನಿರ್ವಹಣಾ ಸಮಿತಿ) ಅಧ್ಯಕ್ಷನಾಗಿ ಮನೆಗೆ ಹೋದೆ.

ಆಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಮೂರು ವರ್ಷ ತಪ್ಪು ಮಾಡುತ್ತಾ ಕಲಿತೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳಲ್ಲಿ ಈ ವರ್ಷ ಹೊಸದಾಗಿ ಕಮಿಟಿಗೆ ಸೇರಿದವರಿಗೆ ಉಪಯೋಗ ಆದೀತು ಅಂತ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ಹಂತ 1: ನೀವು ಯಾವ ಕಮಿಟಿಯಲ್ಲಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ

ನಗಬೇಡಿ. ಎರಡು ವರ್ಷ ಕಮಿಟಿಯಲ್ಲಿದ್ದೂ ತಾನು ಪಿಟಿಎಯಲ್ಲಿದ್ದೇನಾ ಎಸ್‌ಎಂಸಿಯಲ್ಲಿದ್ದೇನಾ ಅಂತ ಗೊತ್ತಿಲ್ಲದವರನ್ನು ನಾನು ನೋಡಿದ್ದೇನೆ.

ಪಿಟಿಎ ಅಂದರೆ ರಕ್ಷಕ ಶಿಕ್ಷಕ ಸಂಘ. ಎಲ್ಲ ಹೆತ್ತವರೂ ಅಧ್ಯಾಪಕರೂ ಸೇರಿದ್ದು. ಪ್ರವೇಶೋತ್ಸವ, ವಾರ್ಷಿಕೋತ್ಸವ, ತೋಡು ದಾಟಲು ಕಾಲುಸಂಕ, ಇಂಥದ್ದೆಲ್ಲ ನಡೆಯುವುದು ಇದರ ಬಲದಲ್ಲಿ. ಮದರ್ ಪಿಟಿಎ ಅಮ್ಮಂದಿರದ್ದು. ನಿಜ ಹೇಳಬೇಕಾದರೆ ಹೆಚ್ಚಿನ ಶಾಲೆಗಳಲ್ಲಿ ಕೆಲಸ ಮಾಡುವುದು ಇವರೇ.

ಎಸ್‌ಎಂಸಿ ಬೇರೆ. ಅದು ಕಾನೂನಿನಿಂದ ಬಂದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಹಿಂದುಳಿದ ಮತ್ತು ಬಡ ಕುಟುಂಬಗಳ ಮಕ್ಕಳ ಹೆತ್ತವರಿಗೂ ಅವರ ಸಂಖ್ಯೆಗೆ ತಕ್ಕ ಜಾಗ ಸಿಗಬೇಕು. 16 ಜನರ ಸಮಿತಿಯಾದರೆ 12 ಜನ ಹೆತ್ತವರು, 8 ಜನ ಹೆಂಗಸರು ಅಂತ ಲೆಕ್ಕ. ಪಂಚಾಯತು ಮೆಂಬರು, ಅಧ್ಯಾಪಕರು ಉಳಿದ ಜಾಗದಲ್ಲಿ. ಎಚ್‌ಎಂ ಇದರ ಕನ್ವೀನರು. ಸಮಿತಿಗೆ ಕಾಯ್ದೆ ಕೊಟ್ಟ ಮುಖ್ಯ ಕೆಲಸ ಮೂರು: ಶಾಲೆ ಹೇಗೆ ನಡೆಯುತ್ತಿದೆ ಅಂತ ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಸರಿಯಾಗಿ ಖರ್ಚಾಗುತ್ತಿದೆಯಾ ಅಂತ ನೋಡುವುದು.

ಇಲ್ಲಿ ಒಂದು ದೊಡ್ಡ ಗೊಂದಲ ಇದೆ. ನಮ್ಮ ಕಡೆ ಕನ್ನಡ ಶಾಲೆ ಅಂದರೆ ಬಹಳಷ್ಟು ಏಯ್ಡೆಡ್, ಅಂದರೆ ಅನುದಾನಿತ ಶಾಲೆಗಳು. ಅವಕ್ಕೆ ಮೆನೇಜರು, ಅಂದರೆ ಶಾಲೆಯ ಒಡೆಯರು, ಇರುತ್ತಾರೆ. 2012ರಲ್ಲಿ ಆರ್‌ಟಿಇಗೆ ತಿದ್ದುಪಡಿ ಬಂದು, ಏಯ್ಡೆಡ್ ಶಾಲೆಗಳಲ್ಲೂ ಅಲ್ಪಸಂಖ್ಯಾತರ ಶಾಲೆಗಳಲ್ಲೂ ಎಸ್‌ಎಂಸಿ ಬರೀ ಸಲಹೆ ಕೊಡುವ ಸಮಿತಿ ಅಂತ ಆಯಿತು. ಅಭಿವೃದ್ಧಿ ಯೋಜನೆ ತಯಾರಿಸುವ ಕಡ್ಡಾಯವೂ ಅವಕ್ಕೆ ಇಲ್ಲ. ಸರಕಾರಿ ಶಾಲೆಯ ಎಸ್‌ಎಂಸಿಗೆ ಇರುವ ಅಧಿಕಾರ ನನಗೂ ಇದೆ ಅಂದುಕೊಂಡು ಏಯ್ಡೆಡ್ ಶಾಲೆಯಲ್ಲಿ ಮೇಜು ಗುದ್ದಿದರೆ ಮೆನೇಜರು ನಗುತ್ತಾರೆ, ಅಷ್ಟೇ.

ಸರಕಾರಿ ಶಾಲೆಯಾದರೆ ಮೇಲೆ ಯಾರಿದ್ದಾರೆ ಅಂತಲೂ ಗೊತ್ತಿರಲಿ. ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ) ಶಾಲೆಗಳು ಗ್ರಾಮ ಪಂಚಾಯತಿನ ಕೆಳಗೆ, ಹೈಸ್ಕೂಲು ಜಿಲ್ಲಾ ಪಂಚಾಯತಿನ ಕೆಳಗೆ. ಇಲಾಖೆಯ ಕಡೆಯಿಂದ ಮೊದಲು ಉಪಜಿಲ್ಲೆಯ ಎಇಒ (ಸಹಾಯಕ ಶಿಕ್ಷಣಾಧಿಕಾರಿ), ಆಮೇಲೆ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ), ಅದರ ಮೇಲೆ ಡಿಡಿಇ (ಶಿಕ್ಷಣ ಉಪನಿರ್ದೇಶಕರು). ಕಾಸರಗೋಡು ಜಿಲ್ಲೆಯಲ್ಲಿ ಏಳು ಉಪಜಿಲ್ಲೆಗಳಿವೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಈ ಮೂರರಲ್ಲೇ ನಮ್ಮ ಕನ್ನಡ ಶಾಲೆಗಳು ಜಾಸ್ತಿ ಇರುವುದು.

ಹಂತ 2: ಗೆರೆ ಎಲ್ಲಿದೆ ಅಂತ ನೋಡಿ, ದಾಟಬೇಡಿ

ಅಧ್ಯಕ್ಷನಾದ ಮೊದಲ ತಿಂಗಳಲ್ಲೇ ನಾನು ಈ ಗೆರೆ ದಾಟಿದೆ. ಒಂದು ದಿನ ಮಗಳನ್ನು ಬಿಡಲು ಹೋದಾಗ ಮೂರನೇ ಕ್ಲಾಸಿನಲ್ಲಿ ಗಲಾಟೆ ಕೇಳಿತು. ಅಧ್ಯಾಪಕರು ಮೊಬೈಲು ನೋಡುತ್ತಾ ನಿಂತಿದ್ದರು. ನಾನು ಸೀದಾ ಒಳಗೆ ಹೋಗಿ, ಮಕ್ಕಳ ಎದುರೇ, "ಇದೇನು ಮಾಷ್ಟ್ರೇ, ಸಂಬಳ ಇದಕ್ಕಾ ಕೊಡುವುದು?" ಅಂದುಬಿಟ್ಟೆ. ಅವರು ನೋಡುತ್ತಿದ್ದದ್ದು ಎಇಒ ಆಫೀಸಿನಿಂದ ಆಗಲೇ ಬಂದ ಒಂದು ಮೆಸೇಜು. ಅರ್ಧ ಗಂಟೆಯೊಳಗೆ ಏನೋ ಲೆಕ್ಕ ಕೊಡಬೇಕಿತ್ತಂತೆ.

ನಮ್ಮ ಎಚ್‌ಎಂ ಟೀಚರ್ ಆಗ ಏನೂ ಹೇಳಲಿಲ್ಲ. ಸಂಜೆ ಫೋನ್ ಮಾಡಿದರು. "ಅಣ್ಣ, ನೀವು ಅಧ್ಯಕ್ಷರು, ಸರಿ. ಆದರೆ ಆ ಕ್ಲಾಸಿಗೆ ಉತ್ತರ ಹೇಳಬೇಕಾದವಳು ನಾನು. ನನ್ನತ್ರ ಕೇಳಿ, ನಾನು ಅವರತ್ರ ಕೇಳ್ತೇನೆ. ನೀವೇ ಕೇಳಿದರೆ ನಾಳೆಯಿಂದ ಅವರು ನನ್ನ ಮಾತು ಯಾಕೆ ಕೇಳಬೇಕು?" ಅಂದರು. ಮರುದಿನ ಹೋಗಿ ಮಾಷ್ಟ್ರ ಹತ್ತಿರ ತಪ್ಪಾಯಿತು ಅಂದೆ. ಅವರು ಪರವಾಗಿಲ್ಲ ಅಂದರು, ಆದರೆ ಆ ವರ್ಷವಿಡೀ ನನ್ನನ್ನು ಕಂಡರೆ ಸ್ವಲ್ಪ ದೂರ.

ಅಲ್ಲಿಂದ ನಾನು ಮಾಡಿಕೊಂಡ ಲೆಕ್ಕ ಇಷ್ಟು. ಯಾವ ಅಧ್ಯಾಪಕರಿಗೆ ಯಾವ ಕ್ಲಾಸು, ಟೈಮ್‌ಟೇಬಲ್ಲು, ಪಾಠದ ರೀತಿ, ಮಕ್ಕಳ ಶಿಸ್ತು, ದಾಖಲಾತಿ, ರಜೆ, ಇವೆಲ್ಲ ಎಚ್‌ಎಂ ಕೈಯಲ್ಲಿ. ಕೇರಳ ಶಿಕ್ಷಣ ನಿಯಮ, ನಾವು ಕೆಇಆರ್ ಅನ್ನುವುದು, ಶಾಲೆಯ ಒಳಗಿನ ಆಡಳಿತದ ಜವಾಬ್ದಾರಿ ಕೊಟ್ಟಿರುವುದು ಅವರಿಗೆ. ಶಾಲೆ ಮುಂದಿನ ಮೂರು ವರ್ಷದಲ್ಲಿ ಎಲ್ಲಿಗೆ ಹೋಗಬೇಕು, ಮಕ್ಕಳು ಯಾಕೆ ಕಡಿಮೆಯಾಗುತ್ತಿದ್ದಾರೆ, ಹಣ ಎಲ್ಲಿ ಹೋಯಿತು, ಶೌಚಾಲಯದಲ್ಲಿ ನೀರು ಬರುತ್ತಿದೆಯಾ, ಈ ಪ್ರಶ್ನೆಗಳು ಕಮಿಟಿಯವು. ಕಮಿಟಿ ಕೇಳಬೇಕು, ಎಚ್‌ಎಂ ನಡೆಸಬೇಕು. ಕ್ಲಾಸಿನ ಹೊಸ್ತಿಲು ನಿಮ್ಮ ಗೆರೆ ಅಂತ ಇಟ್ಟುಕೊಳ್ಳಿ. ಸುಮ್ನೆ ನೆನಪಿಡಲು ಸುಲಭ.

ಒಂದು ಮಾತು ನಡುವೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಹಾಗೆ ಎರಡೂ ಕುರ್ಚಿಯಲ್ಲಿ ಕೂತವರು ಅಪರೂಪ. ನಮ್ಮಂಥವರು ಒಂದೇ ಕುರ್ಚಿ ಕಂಡವರು, ಆಚೆ ಕುರ್ಚಿಯ ಕಷ್ಟ ನಮಗೆ ತಾನಾಗಿ ಗೊತ್ತಾಗುವುದಿಲ್ಲ.

ಹಂತ 3: ಎಚ್‌ಎಂ ಜೊತೆ ಒಂದು ಗಂಟೆ ಕೂತುಕೊಳ್ಳಿ

ಮೊದಲ ಮೀಟಿಂಗಿಗಿಂತ ಮುಂಚೆ ಇದನ್ನು ಮಾಡಿ. ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ. ಶಾಲೆ ಇರುವಾಗ ಹೋದರೆ ಅವರಿಗೆ ಕೂರಲೂ ಆಗುವುದಿಲ್ಲ.

ಯಾಕೆ ಅಂತ ಕೇಳಿ. ಆರ್‌ಟಿಇ ಲೆಕ್ಕದಲ್ಲಿ ಕೆಳಗಿನ ತರಗತಿಗಳಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ, ಮೇಲಿನ ತರಗತಿಗಳಲ್ಲಿ 100ಕ್ಕಿಂತ ಜಾಸ್ತಿ ಇದ್ದರೆ ಪೂರ್ಣಾವಧಿ ಎಚ್‌ಎಂ ಬೇಕು. ನಮ್ಮ ಊರಿನ ಎಷ್ಟು ಕನ್ನಡ ಎಲ್‌ಪಿ ಶಾಲೆಯಲ್ಲಿ 150 ಮಕ್ಕಳಿದ್ದಾರೆ? ಹಾಗಾಗಿ ಎಚ್‌ಎಂ ಅಂದರೆ ಹೆಚ್ಚಿನ ಕಡೆ ಕ್ಲಾಸು ತೆಗೆದುಕೊಳ್ಳುವ ಎಚ್‌ಎಂ. ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತಾ 'ಸಂಪೂರ್ಣ' ಅನ್ನುವ ಸರಕಾರಿ ವೆಬ್‌ಸೈಟಿನಲ್ಲಿ ಮಕ್ಕಳ ವಿವರ ಹಾಕಬೇಕು, ಸ್ಪಾರ್ಕ್ ಅನ್ನುವ ಇನ್ನೊಂದರಲ್ಲಿ ಸಂಬಳದ ಬಿಲ್ಲು ಮಾಡಬೇಕು, ಮಧ್ಯಾಹ್ನದ ಊಟದ ಲೆಕ್ಕ ಬರೆಯಬೇಕು, ಸರಕಾರದ ಮಾವೇಲಿ ಸ್ಟೋರಿನಿಂದ ಅಕ್ಕಿ ತರಿಸಬೇಕು, ಹಾಲು ಮೊಟ್ಟೆಯ ದಿನ ಅದರ ದುಡ್ಡು ಹೊಂದಿಸಬೇಕು. ಸರಕಾರದಿಂದ ಊಟದ ಹಣ ತಡವಾದರೆ ಅಂಗಡಿಯ ಸಾಲ ಎಚ್‌ಎಂ ಹೆಸರಲ್ಲೇ ಬೆಳೆಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕಥೆ, ಆದರೂ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಟೀಚರ್ ಕೈಬೆರಳಿನಲ್ಲಿ ಯಾವಾಗಲೂ ಎರಡು ಕಲೆ ಇರುತ್ತಿತ್ತು, ಒಂದು ಚಾಕ್‌ಪೀಸಿನ ಬಿಳಿ, ಇನ್ನೊಂದು ಸ್ಟಾಂಪ್ ಪ್ಯಾಡಿನ ನೀಲಿ.

ಹಾಗಾಗಿ ಆ ಒಂದು ಗಂಟೆಯಲ್ಲಿ ನೀವು ಮಾತಾಡುವುದು ಕಡಿಮೆ ಇರಲಿ. ನಾನು ಕೇಳಿದ ಪ್ರಶ್ನೆಗಳು ಇವು:

- ಈ ವರ್ಷ ನಿಮಗೆ ನಿದ್ದೆ ಬಾರದ ಹಾಗೆ ಮಾಡುವ ವಿಷಯ ಯಾವುದು?
- ಎಷ್ಟು ಹುದ್ದೆ ಖಾಲಿ ಇದೆ, ಅದನ್ನು ಮೇಲೆ ತಿಳಿಸಿದ ದಿನ ಯಾವುದು?
- ಯಾವ ಕ್ಲಾಸು ಸಂಖ್ಯೆಯ ಅಂಚಿನಲ್ಲಿದೆ, ಅಂದರೆ ಒಂದಿಬ್ಬರು ಮಕ್ಕಳು ಹೋದರೆ ಹುದ್ದೆಯೇ ಹೋಗುವ ಹಾಗಿದೆ?
- ನಿಮ್ಮ ಕೈಯಿಂದ ಹಾಕಿದ ದುಡ್ಡು ಎಷ್ಟು ಬಾಕಿ ಇದೆ?
- ನೀವು ಬರೆಯಲಾಗದ, ಆದರೆ ನಾವು ಬರೆಯಬಹುದಾದ ಪತ್ರ ಯಾವುದಾದರೂ ಇದೆಯಾ?

ಕೊನೆಯ ಪ್ರಶ್ನೆ ಮುಖ್ಯ. ಎಚ್‌ಎಂ ಸರಕಾರದ ನೌಕರರು ಅಥವಾ ಸರಕಾರದ ಸಂಬಳದವರು. ತಮ್ಮ ಇಲಾಖೆಯ ಮೇಲೆ ಅವರು ಗಟ್ಟಿಯಾಗಿ ದೂರಲು ಆಗುವುದಿಲ್ಲ. ಕಮಿಟಿಗೆ ಆಗುತ್ತದೆ.

ಹಂತ 4: ಮೀಟಿಂಗನ್ನು ಮೀಟಿಂಗಿನ ಹಾಗೆ ನಡೆಸಿ

ತಿಂಗಳಿಗೆ ಒಂದು ಇಟ್ಟುಕೊಳ್ಳಿ, ದಿನ ಬದಲಾಯಿಸಬೇಡಿ. ನಾವು ಎರಡನೇ ಶುಕ್ರವಾರ ಇಟ್ಟಿದ್ದೆವು, ಆಮೇಲೆ ಕೆಲವರಿಗೆ ಮಸೀದಿಗೆ ಹೋಗುವ ದಿನ ಅಂತ ಗೊತ್ತಾಗಿ ಬುಧವಾರಕ್ಕೆ ತಂದೆವು. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಹೊತ್ತಿನ ವಿಷಯವೂ ಹಾಗೆ. ಬೀಡಿ ಕಟ್ಟುವ, ಕೂಲಿಗೆ ಹೋಗುವ ಅಮ್ಮಂದಿರು ಹಗಲು ಹನ್ನೊಂದಕ್ಕೆ ಹೇಗೆ ಬರುತ್ತಾರೆ? ಅರ್ಧ ಹೆಂಗಸರಿರಬೇಕು ಅಂತ ಕಾಯ್ದೆ ಹೇಳಿದರೆ ಸಾಲದು, ಅವರಿಗೆ ಆಗುವ ಹೊತ್ತಿಗೆ ಮೀಟಿಂಗು ಇಡಬೇಕು.

ಅಜೆಂಡಾ ಐದು ದಿನ ಮುಂಚೆ ವಾಟ್ಸಾಪಿನಲ್ಲಿ ಹೋಗಲಿ. ನಾಲ್ಕು ವಿಷಯ ಸಾಕು. ಅಧ್ಯಕ್ಷರೂ ಎಚ್‌ಎಂ ಕೂಡಾ ಕೂತು ಅಜೆಂಡಾ ಮಾಡಿ. ಎಚ್‌ಎಂಗೆ ಗೊತ್ತಿಲ್ಲದ ವಿಷಯ ಮೀಟಿಂಗಿನಲ್ಲಿ ತಟ್ಟನೆ ಎತ್ತಬೇಡಿ. ಹತ್ತು ಜನರ ಎದುರು ಉತ್ತರ ಗೊತ್ತಿಲ್ಲದೆ ನಿಲ್ಲಿಸಿದರೆ ಮುಂದಿನ ಸಲ ಅವರು ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ರೀತಿ ಅವರೂ ನಮಗೆ ಹೇಳದೆ ಸಹಿಗೆ ಪುಸ್ತಕ ಮುಂದಿಡಬಾರದು. "ಇಲ್ಲಿ ಒಂದು ಸೈನ್ ಹಾಕಿ" ಅಂದರೆ ಓದಿ ಹಾಕಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಭಾಷೆಯ ವಿಷಯ ನಮ್ಮ ಕಡೆ ಬೇರೆಯೇ. ಮೀಟಿಂಗಿನಲ್ಲಿ ಕೂತ ಹದಿನೈದು ಜನರಲ್ಲಿ ಮನೆಮಾತು ತುಳು, ಬ್ಯಾರಿ, ಹವ್ಯಕ, ಮರಾಟಿ, ಮಲೆಯಾಳ ಎಲ್ಲ ಇರುತ್ತದೆ. ಬರುವ ಸುತ್ತೋಲೆ ಮಲೆಯಾಳದಲ್ಲಿ. ನಾವು ಮಾಡಿಕೊಂಡದ್ದು ಹೀಗೆ: ಮಾತು ಯಾವುದರಲ್ಲಾದರೂ ಆಗಲಿ, ನಡಾವಳಿ ಪುಸ್ತಕ ಕನ್ನಡದಲ್ಲಿ. ಸುತ್ತೋಲೆ ಬಂದರೆ ಮಲೆಯಾಳ ಚೆನ್ನಾಗಿ ಬರುವ ಒಬ್ಬ ಹೆತ್ತವರು ಅದರ ಸಾರ ಐದು ಸಾಲಿನಲ್ಲಿ ಕನ್ನಡಕ್ಕೆ ಹೇಳಬೇಕು. ಈ ಕೆಲಸವನ್ನೂ ಎಚ್‌ಎಂ ತಲೆಗೆ ಕಟ್ಟಬೇಡಿ. ಇನ್ನೊಂದು ತಿಳಿದಿರಲಿ, ಕೇರಳದ 1969ರ ರಾಜಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡದವರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. "ಮಲೆಯಾಳದಲ್ಲಿ ಬರೆದುಕೊಂಡು ಬನ್ನಿ" ಅಂತ ಯಾರಾದರೂ ಅಂದರೆ ನಗುತ್ತಲೇ ಇದನ್ನು ಹೇಳಿ. ಬೇಗ ಕೆಲಸ ಆಗಬೇಕಾದರೆ ಜೊತೆಗೆ ಒಂದು ಮಲೆಯಾಳ ಪ್ರತಿ ಇಡಿ. ಹಕ್ಕು ಹಕ್ಕೇ, ಆದರೆ ಕೆಲಸವೂ ಆಗಬೇಕಲ್ವಾ.

ನಡಾವಳಿ ಬರೆಯುವಾಗ ಮೂರು ಕಲಂ ಹಾಕಿ: ಏನು ತೀರ್ಮಾನ, ಯಾರು ಮಾಡುವುದು, ಯಾವ ದಿನದೊಳಗೆ. "ಚರ್ಚಿಸಲಾಯಿತು" ಅಂತ ಬರೆದರೆ ಏನೂ ಆಗಲಿಲ್ಲ ಅಂತಲೇ ಅರ್ಥ. ಮುಂದಿನ ಮೀಟಿಂಗು ಶುರುವಾಗುವುದು ಈ ಮೂರು ಕಲಂ ಓದುವುದರಿಂದ.

ಹಂತ 5: ಆರನೇ ದಿನದ ಲೆಕ್ಕ ಕಾಯಬೇಡಿ, ಜನವರಿಯಲ್ಲೇ ಶುರು ಮಾಡಿ

ಜೂನಿನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಒಂದು ಕ್ಲಾಸಿಗೆ ಎಷ್ಟು ಡಿವಿಷನ್ (ವಿಭಾಗ), ಎಷ್ಟು ಅಧ್ಯಾಪಕರು ಅನ್ನುವುದು ಅದರ ಮೇಲೆ. ಎಲ್‌ಪಿಗೆ 30 ಮಕ್ಕಳಿಗೆ ಒಬ್ಬರು, ಯುಪಿಗೆ 35ಕ್ಕೆ ಒಬ್ಬರು ಅನ್ನುವ ಲೆಕ್ಕ. ಅಂಚಿನಲ್ಲಿರುವ ಕ್ಲಾಸಿನಿಂದ ಒಂದಿಬ್ಬರು ಮಕ್ಕಳು ಬೇರೆ ಕಡೆ ಹೋದರೆ ಒಂದು ಹುದ್ದೆಯೇ ಹೋಗಬಹುದು. ಆಧಾರ್ ವಿವರ ತಾಳೆಯಾಗದೆ ಮಗು ಲೆಕ್ಕದಿಂದ ಬಿಟ್ಟುಹೋಗುವುದೂ ಉಂಟು. ಡಿವಿಷನ್ ಹೋದ ಮೇಲೆ ಎಇಒ ಆಫೀಸಿಗೆ ಜೀಪು ಮಾಡಿಕೊಂಡು ಹೋಗುವವರನ್ನು ನೋಡಿದ್ದೇನೆ. ಹೋಗಿ ಪ್ರಯೋಜನ ಇಲ್ಲ.

ಈ ವಿಷಯದಲ್ಲಿ ಎಚ್‌ಎಂಗಿಂತ ಕಮಿಟಿಗೆ ಕೆಲಸ ಜಾಸ್ತಿ. ಜನವರಿಯಲ್ಲಿ ಅಂಗನವಾಡಿಗೆ ಹೋಗಿ ಮುಂದಿನ ವರ್ಷ ಒಂದನೆಗೆ ಬರುವ ಮಕ್ಕಳ ಪಟ್ಟಿ ಮಾಡಿ. ಮನೆಮನೆಗೆ ಹೋಗುವಾಗ ಅಧ್ಯಾಪಕರ ಜೊತೆ ಒಬ್ಬ ಅಮ್ಮ ಇರಲಿ. "ಕನ್ನಡ ಉಳಿಸಿ" ಅಂತ ಭಾಷಣ ಮಾಡಿದರೆ ಮಗುವನ್ನು ಯಾರೂ ಕಳಿಸುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಅವರು ಕೇಳುವುದು ಗಾಡಿ ಇದೆಯಾ, ಇಂಗ್ಲಿಷು ಹೇಳಿಕೊಡುತ್ತೀರಾ, ನಾಳೆ ಸರಕಾರಿ ಕೆಲಸದ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಗೆ ಮಲೆಯಾಳ ಬೇಕಲ್ಲ ಅಂತ. ಈ ಮೂರಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಆ ಉತ್ತರ ಕೊಡುವುದು ಎಚ್‌ಎಂ ಮತ್ತು ಅಧ್ಯಾಪಕರು, ಗಾಡಿಯ ದುಡ್ಡು ಹೊಂದಿಸುವುದು ಕಮಿಟಿ.

ಹಂತ 6: ಯೋಜನೆ ಮತ್ತು ಹಣ

ಸರಕಾರಿ ಶಾಲೆಯ ಎಸ್‌ಎಂಸಿ ಅಭಿವೃದ್ಧಿ ಯೋಜನೆ ತಯಾರಿಸಬೇಕು ಅಂತ ಕಾಯ್ದೆಯ 22ನೇ ಸೆಕ್ಷನ್. ಕೇಂದ್ರದ ಮಾದರಿ ನಿಯಮದಲ್ಲಿ ಅದು ಮೂರು ವರ್ಷದ ಯೋಜನೆ, ವರ್ಷಕ್ಕೊಂದು ಉಪಯೋಜನೆ. ಎಷ್ಟೋ ಕಡೆ ಇದನ್ನು ಮಾರ್ಚಿನ ಕೊನೆಯ ವಾರ ಎಚ್‌ಎಂ ಒಬ್ಬರೇ ಕೂತು ಹಳೆಯದನ್ನೇ ಇಸವಿ ತಿದ್ದಿ ಕಳಿಸುತ್ತಾರೆ. ಬೈಯಬೇಡಿ, ನಾವು ಜೊತೆಗೆ ಕೂರದಿದ್ದರೆ ಅವರಾದರೂ ಏನು ಮಾಡಿಯಾರು.

ಯೋಜನೆ ಅಂದರೆ ಬೇಡಿಕೆಗಳ ಪಟ್ಟಿ ಅಂದುಕೊಳ್ಳಬೇಡಿ. ಸಭಾಂಗಣ, ಗೇಟು, ಪ್ರತಿಮೆ ಅಂತ ಬರೆಯುವ ಮೊದಲು ಒಂದು ಪ್ರಶ್ನೆ: ನಾಲ್ಕನೇ ಕ್ಲಾಸು ಮುಗಿಸುವ ಎಷ್ಟು ಮಕ್ಕಳು ಒಂದು ಪುಟ ಕನ್ನಡ ತಡವರಿಸದೆ ಓದುತ್ತಾರೆ? ಎಚ್‌ಎಂ ಹತ್ತಿರ ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಅದು ಮುಂದಿನ ವರ್ಷ ಎಷ್ಟಾಗಬೇಕು ಅಂತ ಅವರೇ ಹೇಳಲಿ. ಅದಕ್ಕೆ ಏನು ಬೇಕು ಅಂತಲೂ ಅವರೇ ಹೇಳಲಿ. ಆಮೇಲೆ ಗೇಟಿನ ಮಾತು.

ಹಣದ ವಿಷಯದಲ್ಲಿ ಸಂಕೋಚ ಬೇಡ. ಕೇಂದ್ರದ ಶಾಲಾ ಯೋಜನೆ ಸಮಗ್ರ ಶಿಕ್ಷಾದಿಂದ ಎಷ್ಟು ಬಂತು, ಪಂಚಾಯತಿನಿಂದ ಎಷ್ಟು, ಪಿಟಿಎ ಎಷ್ಟು ಸಂಗ್ರಹಿಸಿತು, ಹಳೆ ವಿದ್ಯಾರ್ಥಿಗಳು ಗಲ್ಫಿನಿಂದ ಕಳಿಸಿದ್ದು ಎಷ್ಟು, ಒಂದೇ ಹಾಳೆಯಲ್ಲಿ ಬರೆದು ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಅಂಟಿಸಿ. ರಶೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ, ಖಾಲಿ ಚೆಕ್ಕಿಗೆ ಸಹಿ ಅಂತೂ ಬೇಡವೇ ಬೇಡ. ಇದು ಎಚ್‌ಎಂ ಮೇಲಿನ ಸಂಶಯ ಅಲ್ಲ ಅಂತ ಮೊದಲೇ ಹೇಳಿಬಿಡಿ. ನಾಳೆ ಆಡಿಟಿನವರು ಬಂದಾಗ ಒಬ್ಬರೇ ಸಿಕ್ಕಿಹಾಕಿಕೊಳ್ಳುವುದು ಅವರೇ, ಆ ಹಾಳೆ ಅವರಿಗೇ ರಕ್ಷೆ.

ಹಂತ 7: ಕನ್ನಡ ಬಾರದ ಅಧ್ಯಾಪಕರು ಬಂದರೆ

ಬೇರೆ ಜಿಲ್ಲೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದಲ್ಲಿಂದ ಇದು ಮತ್ತೆ ಮತ್ತೆ ಬರುವ ತಲೆನೋವು. ಕನ್ನಡ ಮಾಧ್ಯಮದ ಹುದ್ದೆಗೆ ಪಿಎಸ್‌ಸಿಯಿಂದ ಕನ್ನಡ ಸರಿಯಾಗಿ ಬಾರದವರು ಬಂದು ಕೂರುತ್ತಾರೆ.

ಒಂದು ಸಂಜೆ ಮಗಳ ಲೆಕ್ಕದ ಪುಸ್ತಕ ತೆರೆದೆ. ಮೇಲೆ "ಹರಣ ಮಾಡಿರಿ" ಅಂತ ಬರೆದಿತ್ತು, ಕೆಳಗೆ 84 ÷ 7. "ಅಪ್ಪ, ಸೀತಾಪಹರಣದ ಹರಣವಾ ಇದು?" ಅಂತ ಕೇಳಿದಳು. ಮಲೆಯಾಳದಲ್ಲಿ ಭಾಗಾಕಾರಕ್ಕೆ ಹರಣಂ ಅನ್ನುತ್ತಾರೆ. ಪಾಪ, ಆ ಟೀಚರಿಗೆ ಗೊತ್ತಿದ್ದ ಶಬ್ದ ಅದು. ಮಗಳು ಲೆಕ್ಕ ಮಾಡಿದ್ದಳು, 12 ಅಂತ ಸರಿ ಉತ್ತರವೇ ಬಂದಿತ್ತು. ಆದರೆ ಆ ಕ್ಲಾಸಿನ ಬಾಕಿ ಮಕ್ಕಳಲ್ಲಿ ಎಷ್ಟೋ ಜನ ಹಾಳೆ ಖಾಲಿ ಬಿಟ್ಟಿದ್ದರು.

ಇಲ್ಲಿ ಏನು ಮಾಡಬಾರದು ಅಂತ ಮೊದಲು ಹೇಳುತ್ತೇನೆ. ಆ ಅಧ್ಯಾಪಕರನ್ನು ಗೇಟಿನಲ್ಲಿ ತಡೆಯಬೇಡಿ, ಮಕ್ಕಳನ್ನು ಮುಂದೆ ನಿಲ್ಲಿಸಿ ಘೋಷಣೆ ಕೂಗಿಸಬೇಡಿ. ಕೂಲಿ, ಸಾಲ, ಮನೆ ಎಲ್ಲ ಅವರಿಗೂ ಇದೆ. ಪರೀಕ್ಷೆ ಬರೆದು, ಕೊಟ್ಟ ಜಾಗಕ್ಕೆ ಬಂದಿದ್ದಾರೆ, ಅಷ್ಟೇ. ತಪ್ಪು ಇರುವುದು ಮೇಲೆ.

ನಾವು ಮಾಡಿದ್ದು ಹೀಗೆ. ಮೊದಲು ಎಚ್‌ಎಂ ಜೊತೆ ಮಾತಾಡಿದೆವು. ಕ್ಲಾಸಿನ ಸ್ಥಿತಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ತಮ್ಮ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಅಂದರು, ಅದಕ್ಕಿಂತ ಹೆಚ್ಚು ಹೇಳಲಾರೆ ಅಂದರು. ಆಯಿತು ಅಂದೆವು. ಆಮೇಲೆ ಎಸ್‌ಎಂಸಿ ತೀರ್ಮಾನ ಬರೆದೆವು: ಹುದ್ದೆ ಯಾವ ಮಾಧ್ಯಮದ್ದು, ತುಂಬಿದ ದಿನ, ಮಕ್ಕಳ ಪುಸ್ತಕದ ಮೂರು ಹಾಳೆಯ ಪ್ರತಿ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತದೆ, ಅದನ್ನೂ ಸೇರಿಸಿದೆವು. ಒಂದು ಪ್ರತಿ ಎಇಒಗೆ, ಒಂದು ಡಿಡಿಇಗೆ, ಒಂದು ಪಂಚಾಯತಿಗೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ಕೇಂದ್ರದಲ್ಲಿ ಒಬ್ಬ ವಿಶೇಷ ಅಧಿಕಾರಿ ಇರುತ್ತಾರೆ, ಅವರಿಗೂ ಒಂದು. ಪ್ರತಿಯೊಂದಕ್ಕೂ ಸ್ವೀಕೃತಿ ತೆಗೆದುಕೊಂಡೆವು. ಆರ್‌ಟಿಇ 32ನೇ ಸೆಕ್ಷನ್ ಪ್ರಕಾರ ಮಗುವಿನ ಹಕ್ಕಿನ ದೂರನ್ನು ಸ್ಥಳೀಯ ಆಡಳಿತ ಮೂರು ತಿಂಗಳೊಳಗೆ ತೀರ್ಮಾನ ಮಾಡಬೇಕು. ಹಾಗಾಗಿ ದಿನಾಂಕ ಮುಖ್ಯ.

ನಡುವೆ ಮಕ್ಕಳ ಪಾಠ ನಿಲ್ಲಬಾರದಲ್ಲ. ಇನ್ನೊಬ್ಬ ಅಧ್ಯಾಪಕರ ಜೊತೆ ಪೀರಿಯಡ್ ಅದಲುಬದಲು ಮಾಡಿ ಲೆಕ್ಕದ ಪಾಠವನ್ನು ಎಚ್‌ಎಂ ತಾವೇ ತೆಗೆದುಕೊಂಡರು. ಅದು ಅವರ ತೀರ್ಮಾನ, ನಾವು ಹೇಳಿದ್ದಲ್ಲ. ಏಳು ತಿಂಗಳ ಮೇಲೆ ಆ ಟೀಚರ್ ತಮ್ಮ ಊರಿನ ಕಡೆಗೆ ವರ್ಗ ಪಡೆದು ಹೋದರು. ಹೋಗುವ ದಿನ ಮಕ್ಕಳಿಗೆ ಮಿಠಾಯಿ ಹಂಚಿ, ಬೋರ್ಡಿನ ಮೇಲೆ ಕನ್ನಡದಲ್ಲಿ "ಎಲ್ಲರಿಗೂ ಧನ್ಯವಾದ" ಅಂತ ಬರೆದರು. ಒತ್ತಕ್ಷರ ಒಂದೂ ತಪ್ಪಿರಲಿಲ್ಲ.

ಖಾಲಿ ಹುದ್ದೆಗೆ ದಿನಗೂಲಿ ಅಧ್ಯಾಪಕರನ್ನು ತೆಗೆದುಕೊಳ್ಳುವಾಗ ಶಾಲೆಯಲ್ಲೇ ಸಂದರ್ಶನ ಆಗುತ್ತದೆ. ಕಮಿಟಿಯವರು ಅಲ್ಲಿ ತಮ್ಮ ತಂಗಿ, ನಾದಿನಿ, ಪಕ್ಷದವರನ್ನು ತೂರಿಸುವ ಕೆಲಸ ದಯವಿಟ್ಟು ಮಾಡಬೇಡಿ. ಎಚ್‌ಎಂ ಜೊತೆಗಿನ ಸಂಬಂಧ ಹಾಳಾಗಲು ಅದೊಂದೇ ಸಾಕು. ಒಂದು ಸಲಹೆ ಮಾತ್ರ ಕೊಡಿ, ಬಂದವರಿಂದ ಹತ್ತು ನಿಮಿಷ ಕನ್ನಡದಲ್ಲಿ ಪಾಠ ಮಾಡಿಸಿ ನೋಡಲಿ.

ಹಂತ 8: ಅಧ್ಯಾಪಕರ ಮೇಲೆ ದೂರು ಬಂದಾಗ

ಕಮಿಟಿಗೆ ಸೇರಿದ ಮೇಲೆ ನೀವು ಅಂಗಡಿಗೆ ಹೋದರೂ ದೂರು, ಬಸ್ಸಿನಲ್ಲೂ ದೂರು. ಕೇಳಿಸಿಕೊಳ್ಳಿ, ಅಭಿಪ್ರಾಯ ಹೇಳಬೇಡಿ. "ಕ್ಲಾಸ್ ಟೀಚರತ್ರ ಮಾತಾಡಿದಿರಾ?" ಅಂತ ಕೇಳಿ. ಆಮೇಲೆ ಎಚ್‌ಎಂ. ಅಲ್ಲೂ ಆಗದಿದ್ದರೆ ಬರೆದುಕೊಡಿ, ಮೀಟಿಂಗಿಗೆ ತರುತ್ತೇನೆ ಅನ್ನಿ. ಹತ್ತರಲ್ಲಿ ಏಳು ಮೊದಲ ಮೆಟ್ಟಿಲಲ್ಲೇ ಮುಗಿಯುತ್ತವೆ.

ಇದಕ್ಕೆ ಒಂದೇ ಅಪವಾದ. ಮಗುವಿಗೆ ಹೊಡೆದದ್ದು, ಅಥವಾ ಮಗುವಿನ ಮೇಲೆ ಕೆಟ್ಟ ರೀತಿಯಲ್ಲಿ ಕೈ ಹಾಕಿದ್ದು. ದೈಹಿಕ ಶಿಕ್ಷೆಯನ್ನು ಆರ್‌ಟಿಇ 17ನೇ ಸೆಕ್ಷನ್ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ, ಅಲ್ಲಿ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. "ಶಾಲೆಯ ಹೆಸರು ಹಾಳಾಗುತ್ತದೆ, ಕಮಿಟಿಯಲ್ಲೇ ಮುಗಿಸುವ" ಅಂತ ಯಾರಾದರೂ ಅಂದರೆ, ಅದು ಎಚ್‌ಎಂ ಆದರೂ, ಮೆನೇಜರು ಆದರೂ, ಒಪ್ಪಬೇಡಿ. ಮಕ್ಕಳ ಸಹಾಯವಾಣಿ ನಂಬರು 1098.

ಹಂತ 9: ಏಯ್ಡೆಡ್ ಶಾಲೆಯಾದರೆ ಮೆನೇಜರನ್ನೂ ಅರ್ಥ ಮಾಡಿಕೊಳ್ಳಿ

ಕೇರಳದ ಮೊದಲ ಮುಖ್ಯಮಂತ್ರಿ ಇಎಂಎಸ್ ಸರಕಾರದ ಕಾಲದಲ್ಲಿ, ಮುಂಡಶ್ಶೇರಿ ಶಿಕ್ಷಣ ಮಂತ್ರಿಯಾಗಿದ್ದಾಗ ತಂದ ಕೇರಳ ಶಿಕ್ಷಣ ಕಾಯ್ದೆ 1958ರದ್ದು. ಅದರ ಮೇಲೆ ಸುಪ್ರೀಂ ಕೋರ್ಟಿನವರೆಗೂ ಚರ್ಚೆ ಹೋಗಿತ್ತು. ಇವತ್ತಿಗೂ ಆಟ ನಡೆಯುವುದು ಅದೇ ಅಂಗಳದಲ್ಲಿ: ಕಟ್ಟಡ, ಜಾಗ ಮೆನೇಜರದ್ದು, ಅಧ್ಯಾಪಕರ ನೇಮಕವೂ ಅವರದ್ದು, ಸಂಬಳ ಸರಕಾರದ್ದು. ನೇಮಕಕ್ಕೆ ಇಲಾಖೆಯ ಒಪ್ಪಿಗೆ ಬೇಕು. ಎಚ್‌ಎಂ ಹುದ್ದೆಗೆ ಸಾಮಾನ್ಯವಾಗಿ ಹಿರಿತನವೇ ಲೆಕ್ಕ. ಸಿಟ್ಟು ಬಂತು ಅಂತ ಮೆನೇಜರು ಅಧ್ಯಾಪಕರನ್ನು ಮನೆಗೆ ಕಳಿಸಲು ಆಗುವುದಿಲ್ಲ. ಇಲಾಖೆಯ ಒಪ್ಪಿಗೆ ಇಲ್ಲದೆ ಸಸ್ಪೆನ್ಷನ್ 15 ದಿನ ದಾಟುವ ಹಾಗಿಲ್ಲ, ವಜಾ ಮಾಡಲು ಮೊದಲೇ ಅನುಮತಿ ಬೇಕು.

ಹಾಗಾಗಿ ಏಯ್ಡೆಡ್ ಶಾಲೆಯ ಎಚ್‌ಎಂಗೆ ಇಬ್ಬರು ಯಜಮಾನರು. ಮಾಡು ಸೋರಿದರೆ ಮೆನೇಜರ ಹತ್ತಿರ ಹೋಗಬೇಕು, ರಿಪೋರ್ಟು ಕೊಡಬೇಕಾದದ್ದು ಎಇಒಗೆ. ಕಮಿಟಿಯ ಕೆಲಸ ಇಲ್ಲಿ ಸ್ವಲ್ಪ ನಯದ್ದು. ಮಳೆಗಾಲಕ್ಕೆ ಮುಂಚೆ ಕಟ್ಟಡದ ಫಿಟ್ನೆಸ್ ಸರ್ಟಿಫಿಕೇಟ್ ಆಗಿದೆಯಾ ಅಂತ ಏಪ್ರಿಲಿನಲ್ಲೇ ಕೇಳಿ. ಎಚ್‌ಎಂ ಕೇಳಿದರೆ ದೂರು ಅನಿಸುತ್ತದೆ, ಹೆತ್ತವರು ಕೇಳಿದರೆ ಕಾಳಜಿ ಅನಿಸುತ್ತದೆ.

ಹಂತ 10: ಎಚ್‌ಎಂ ಬದಲಾಗುತ್ತಾರೆ, ಅದಕ್ಕೆ ಸಿದ್ಧರಾಗಿರಿ

ಸರಕಾರಿ ಶಾಲೆಯಲ್ಲಿ ಎಚ್‌ಎಂ ಬಡ್ತಿ ಬರುವುದು ಹೆಚ್ಚಾಗಿ ಸರ್ವಿಸಿನ ಕೊನೆಗೆ. ಹಳೆ ಪಿಂಚಣಿಯವರಿಗೆ 56ಕ್ಕೆ ನಿವೃತ್ತಿ. ಬಂದವರು ಒಂದೋ ಎರಡೋ ವರ್ಷ ಇದ್ದು ಹೋಗುತ್ತಾರೆ, ಇಲ್ಲವೇ ತಮ್ಮ ಊರಿಗೆ ವರ್ಗ ಕೇಳಿಕೊಳ್ಳುತ್ತಾರೆ. ಐದು ವರ್ಷದಲ್ಲಿ ನಾಲ್ಕು ಎಚ್‌ಎಂ ಕಂಡ ಶಾಲೆ ನನಗೆ ಗೊತ್ತು. ಪ್ರತಿ ಸಲವೂ ಶಾಲೆಯ ನೆನಪು ಸೊನ್ನೆಯಿಂದ ಶುರು. ಬೋರ್‌ವೆಲ್ಲಿಗೆ ಅರ್ಜಿ ಕೊಟ್ಟದ್ದು ಯಾವಾಗ, ಪಕ್ಕದ ಜಾಗದವರ ಜೊತೆ ಗಡಿಯ ಮಾತು ಎಲ್ಲಿಗೆ ನಿಂತಿತು, ಯಾವ ಮಗುವಿನ ಮನೆಯಲ್ಲಿ ಏನು ಕಷ್ಟ, ಇದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಆ ನೆನಪು ಕಮಿಟಿಯ ಹತ್ತಿರ ಇರಬೇಕು. ಏಪ್ರಿಲಿನಲ್ಲಿ ಹೋಗುವ ಎಚ್‌ಎಂ ಜೊತೆ ಎರಡು ಸಂಜೆ ಕೂತು ಒಂದು ಫೈಲು ಮಾಡಿ. ಬಾಕಿ ಇರುವ ಅರ್ಜಿಗಳ ಪ್ರತಿ, ಸಾಲ ಇರುವ ಅಂಗಡಿಗಳ ಹೆಸರು, ಅಂಚಿನಲ್ಲಿರುವ ಕ್ಲಾಸುಗಳ ಸಂಖ್ಯೆ, ನಡೆಯುತ್ತಿರುವ ಕೆಲಸದ ಕಂಟ್ರಾಕ್ಟರ ನಂಬರು. ಹೊಸಬರು ಬಂದ ವಾರವೇ ಅದನ್ನು ಕೊಡಿ. "ಹಿಂದಿನವರು ಹೀಗೆ ಮಾಡುತ್ತಿದ್ದರು" ಅನ್ನುವ ಮಾತನ್ನು ಮೊದಲ ಮೂರು ತಿಂಗಳು ಬಾಯಿಂದ ಬಿಡಬೇಡಿ.

ನಮ್ಮ ಟೀಚರ್ ಮೇ 31ಕ್ಕೆ ನಿವೃತ್ತರಾದರು. ಹೊಸ ಎಚ್‌ಎಂ ತೆಂಕಣದವರು, ಕನ್ನಡ ಓದಲು ಬರುವುದಿಲ್ಲ, ಆದರೆ ಮಾತು ಸ್ವಲ್ಪ ಅರ್ಥವಾಗುತ್ತದೆ. ಫೈಲು ಕೊಟ್ಟಾಗ ತಿರುವಿ ನೋಡಿ, "ಇದು ಯಾರು ಬರೆದದ್ದು?" ಅಂತ ಮಲೆಯಾಳದಲ್ಲಿ ಕೇಳಿದರು. ಹಳೆ ಟೀಚರೂ ನಾವೂ ಕೂತು ಬರೆದದ್ದು ಅಂದೆ. ಕುರ್ಚಿ ಎಳೆದು, "ಹಾಗಾದರೆ ಓದಿ ಹೇಳಿ" ಅಂದರು. ಸಂಜೆ ಆರೂವರೆ ತನಕ ಓದಿ ಹೇಳಿದೆ.